ಖಾತೆ ಇಲ್ಲದ ಗಿರಾಕಿ

ಗಂಗಾವತಿಯ ಹಳೇ ಅಕ್ಕಿಮಿಲ್ಲಿನ ಗ್ವಾಡಿಗೆ ಆತು
ಹನ್ನೊಂದು ವರ್ಷದಿಂದ ನಿಂತೈತಿ ನನ್ನ ಬಂಡಿ.
ಒಗ್ಗರಣಿ, ಮಿರ್ಚಿ, ಚಾ.
ಯಾರಿಗೆ ಏನು ಅಂತ ಬರದಿಟ್ಟಿಲ್ಲ, ಕೈಗೇ ಗೊತ್ತು:

ಹಮಾಲಿ ಯಂಕೋಬಗ ಪುಠಾಣಿ ಹಿಟ್ಟು ಮ್ಯಾಲ ಇನ್ನೊಂದು ಹಿಡಿ.
ಡ್ರೈವರ್ ಖಾಜಾಹುಸೇನಗ ಮಿರ್ಚಿ ಕರ್ರಗ ಕರೀಬೇಕು.
ಕಾಟಾದ ಗುಮಾಸ್ತರು ಕರಿಬೇವು ಆರಿಸಿ ಆರಿಸಿ
ಪೇಪರಿನ ಅಂಚಿಗೆ ಸಾಲು ಹಚ್ಚತಾರ,
ಹಾಕದಿದ್ದರ ಮಾತ್ರ ಮುಖ ಗಂಟು.
ಇಷ್ಟು ವರ್ಷದಾಗ ಒಬ್ಬರ ನಾಲಿಗಿನೂ ಪಕ್ಷ ಬದಲಿಸಿಲ್ಲ.

ಮನಿಯಾಗ ಒಬ್ಬಾಕಿ ಅದಾಳ.
ಎರಡು ವರ್ಷ, ಎರಡು ತಿಂಗಳು.
ಹೆಸರು ಹುಲಿಗೆಮ್ಮ, ನಮ್ಮವ್ವನ ಹೆಸರು;
ಕರಿಯೋದು ಹುಲಿ.
ಹುಲಿ ಹಸಿದರೂ ಹುಲ್ಲು ತಿನ್ನಲ್ಲ ಅಂತಾರ.
ನಮ್ಮ ಹುಲಿ ಮೊನ್ನಿ ಅಂಗಳದಾಗ ಗರಿಕಿ ಕಿತ್ತು
ನೆಮ್ಮದಿಯಿಂದ ಮೆಲ್ಲಕತ್ತಿದ್ಲು,
ಒಳಗ ಅನ್ನ ಆರಕತ್ತಿತ್ತು.

ಹ್ವಾದ ವಾರ ಮಸರನ್ನ ಅಂದರ ಜೀವ.
ಬಟ್ಟಲ ನೆಕ್ಕಿ ತಲಿ ಮ್ಯಾಲ ಬೋರಲು ಹಾಕ್ಕೊಂಡು
"ಇನ್ನ" ಅಂತಿದ್ಲು.
ಖುಷಿಗೆ ಎರಡು ಲೀಟರ್ ಹಾಲಿಗೆ ಹೆಪ್ಪು ಹಾಕಿದ್ವಿ.
ಮರುದಿನ ಮಸರು ನೋಡಿ ಹೌಹಾರಿದ್ಲು,
ಯಾರೋ ಸುಣ್ಣ ಕಲಿಸಿ ಮುಂದ ಇಟ್ಟಂಗ.

ರೊಟ್ಟಿ ತಿಂತಾಳ, ಉಬ್ಬಿದ್ದು ಇಳಿಬಾರದು.
ಬ್ಯಾಳಿ ನಡೀತೈತಿ, ಪಾಲಕ ಕಂಡರ "ಹುಳ!"
ಬಾಳಿಹಣ್ಣು ಮುರಿದು ಕೊಟ್ಟರ ಮುಗೀತು,
ಮತ್ತ ಜೋಡಿಸು ಅಂತ ಅಳು.
ಮುರಿದ ಹಣ್ಣು ಜೋಡಿಸಾಕ ನಾನೇನು ದೇವರಾ?
(ಖರೇ ಹೇಳತೀನಿ, ಒಮ್ಮೆ ಜೋಡಿಸಿ ಹಿಡಿದು ತೋರಿಸೀನಿ.
ಆಕಿ ನಂಬಲಿಲ್ಲ.)

ಹೆಂಡತಿ ದ್ಯಾಮವ್ವ ಅಂಗನವಾಡಿ ಸಹಾಯಕಿ.
ಇಪ್ಪತ್ತೆರಡು ಕೂಸು ಆಕಿ ಎದುರು ಗಪ್ಪಗ ಉಣ್ತಾವ.
ಇಪ್ಪತ್ಮೂರನೇದು ಮನಿಯಾಗ ತುಟಿ ಬಿಗೀತೈತಿ.
"ಬಾಯಿ ಗೇಟು ತಗಿಯವಾ, ಭತ್ತದ ಲಾರಿ ಬಂತು!"
"ಗೇಟು ಬಂದ್."
"ಗುಬ್ಬಿ ಬಂತು ನೋಡಲ್ಲಿ!"
"ಗುಬ್ಬಿಗೆ ಕೊಡು."

ನಮ್ಮತ್ತಿ ಉಪ್ಪು ಮೆಣಸಿನಕಾಯಿ ಇಳೀ ತಗದು ಒಲಿಗೆ ಹಾಕಿದಳು.
ಮನಿ ತುಂಬ ಘಾಟು, ಎಲ್ಲರೂ ಕೆಮ್ಮಿದ್ವಿ,
ಹುಲಿ ನಕ್ಕಳು.
ದವಾಖಾನಿ ಸಿಸ್ಟರು ತೂಗಿ ಕಾರ್ಡಿನಾಗ ಒಂದು ಚುಕ್ಕಿ ಇಟ್ಟರು,
"ಗಟ್ಟಿ ಅದಾಳ. ಬೆನ್ನ ಹತ್ತಬ್ಯಾಡ್ರಿ."
ರಾತ್ರಿ ಆ ಚುಕ್ಕಿ ಮ್ಯಾಲ ಬೆರಳಿಟ್ಟುಕೊಂಡು ಕುಂತಿದ್ದಳು ದ್ಯಾಮವ್ವ.
ನಾನು ಲೈಟು ಆರಿಸಲಿಲ್ಲ.

ನಿನ್ನಿ ಆಕಿಗೆ ಕೊಪ್ಪಳದಾಗ ತರಬೇತಿ.
ಹುಲಿನ ಬಂಡಿಗೆ ಕರಕೊಂಡು ಬಂದೆ.
ನನ್ನ ಕಾಲ ಹತ್ರ ಕುಂದರಂದರ ಕುಂದರಲಿಲ್ಲ,
ಸುತ್ತ ಹಾಕಿ ಗಿರಾಕಿಗಳ ಕಡೆ ಹೋಗಿ ನಿಂತಳು.
ಯಂಕೋಬ ಜಾಗ ಬಿಟ್ಟ.
ಒಂದು ಸೋಡಾ ಬಿರಡಿ ಮ್ಯಾಲಕ್ಕೆತ್ತಿ
ಹಲಗಿ ಮ್ಯಾಲ ಇಟ್ಟಳು. ಟಕ್.

ಮಗಳು ಅಂತ ಮಾತಾಡಿಸಲಿಲ್ಲ ನಾನು.
"ಏನು ಕೊಡ್ಲಿರಿ ಅಕ್ಕಾರ?"
ಒಂಚೂರು ವಿಚಾರ ಮಾಡಿ, "ಹಿಟ್ಟು. ಎಲಿ."
ಒಣ ಮಂಡಾಳ, ಮ್ಯಾಲ ಪುಠಾಣಿ ಹಿಟ್ಟು, ನಾಕು ಎಲಿ ಕರಿಬೇವು,
ಎಲ್ಲಾರಿಗೂ ಕೊಟ್ಟಂಗ ಪೇಪರಿನಾಗ.
ಯಂಕೋಬನ ಖಾಲಿ ಚೀಲದ ಮ್ಯಾಲ ಕುಂತು
ಮೊದಲು ಎಲಿ ಆರಿಸಿದಳು,
ಅಂಚಿಗೆ ಸಾಲು ಹಚ್ಚಿದಳು.
ಗುಮಾಸ್ತರು ಕನ್ನಡಕ ಏರಿಸಿ ನೋಡಿದರು.
ಆಮ್ಯಾಲ ಒಂದು ಮಂಡಾಳ. ಮತ್ತೊಂದು.
ಗಲ್ಲಕ್ಕ ಹಿಟ್ಟು, ಮೂಗಿಗೆ ಹಿಟ್ಟು.
ಎಣಿಸಕೋತ ನಿಂತೆ, ಮೂವತ್ತೊಂದು,
ಎಣ್ಣಿಯಾಗಿನ ಮಿರ್ಚಿ ಒಂದು ಒಬ್ಬಿ ಪೂರಾ ಕರ್ರಗಾದವು.
ಖಾಜಾಹುಸೇನ ಎಲ್ಲಾ ಕಟ್ಟಿಸಿಕೊಂಡು ಹ್ವಾದ.

ಇವತ್ತೂ ಬಂದಾಳ.
ಅದೇ ಚೀಲ, ಅದೇ ಪೇಪರು,
ಕರಿಬೇವು ಎಣಿಸಿ ನಾಕು.
"ಏನು ಕೊಡ್ಲಿರಿ ಅಕ್ಕಾರ?"
ಮಂಡಾಳದ ಕಡೆ ನೋಡಿದಳು,
ಮಿಲ್ಲಿನ ಚಿಮಣಿ ಕಡೆ ನೋಡಿದಳು.
"ಮಸರು."

ಯಂಕೋಬಾ, ಸ್ವಲ್ಪ ಬಂಡಿ ನೋಡಕೋಪಾ,
ಡೈರಿಗೆ ಓಡಿ ಬರ್ತೀನಿ.
ಅಷ್ಟರಾಗ ಈಕಿ ಮನಸ್ಸು ಬದಲಾದರ
ಒಂದು ಕೂಗು ಹಾಕು.